ಸರದಿ ಯಾರದು?

ರಾಜ್ಯೋತ್ಸವದ ಸಂಚಿಕೆಯಲ್ಲಿ ಮೂತ್ರಪಿಂಡದ ಮಾತೇಕೆಂದು ವಾಚಕರು ಹುಬ್ಬೇರಿಸಬಹುದು. ಕದಂಬರು, ಚಾಲುಕ್ಯರು, ಏಕೀಕರಣಕ್ಕೆ ದುಡಿದ ಹಿರಿಯರು ಇವರನ್ನು ಕುರಿತು ಬರೆಯತಕ್ಕವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನನಗಿಂತ ಚೆನ್ನಾಗಿಯೂ ಬರೆಯುತ್ತಾರೆ. ಚರಿತ್ರೆಗೆ ಸಂಬಂಧಿಸಿದ್ದು ಯಾವುದಾದರೂ ಆದೀತೆಂದು ಸಂಪಾದಕರು ಸಲುಗೆ ಕೊಟ್ಟದ್ದರಿಂದ, ಪರವೂರಿನಲ್ಲಿ ಬಾಳುವ ನಮ್ಮಂಥವರ ಮನೆಬಾಗಿಲಿಗೆ ಒಂದಲ್ಲ ಒಂದು ದಿನ ಬರಬಹುದಾದ ಒಂದು ಪ್ರಶ್ನೆಯ ಚರಿತ್ರೆಯನ್ನು ಆರಿಸಿಕೊಂಡಿದ್ದೇನೆ. ಬೇಕೆನ್ನುವವರು ನೂರು ಮಂದಿ, ಇರುವುದು ಒಂದೇ. ಆ ಒಂದು ಯಾರಿಗೆ ಸಲ್ಲಬೇಕು? ಅದು ಕಾಲೇಜಿನ ಸೀಟಾಗಿದ್ದರೆ ಮುಂದಿನ ವರ್ಷ ನೋಡೋಣ ಎನ್ನಬಹುದು. ತೀರಿಕೊಂಡವರ ದೇಹದಿಂದ ದಾನವಾಗಿ ಬಂದ ಮೂತ್ರಪಿಂಡವೋ ಯಕೃತ್ತೋ ಆಗಿದ್ದರೆ, ಇಲ್ಲವೆನ್ನಿಸಿಕೊಂಡವನಿಗೆ ಮುಂದಿನ ವರ್ಷವೆಂಬುದೇ ಇಲ್ಲದಿರಬಹುದು.

ಕಥೆ ಮೊದಲಾಗುವುದು ಹಾಲೆಂಡಿನ ಕಾಂಪೆನ್ ಎಂಬ ಸಣ್ಣ ಊರಿನಲ್ಲಿ. ೧೯೪೩ನೆಯ ಇಸವಿ. ದೇಶ ಜರ್ಮನರ ಕೈಯಲ್ಲಿತ್ತು. ವಿಲೆಮ್ ಕೋಲ್ಫ್ ಎಂಬ ತರುಣ ವೈದ್ಯರು, ಮಾಂಸದ ತಿಂಡಿಗೆ ಹೊದಿಸುವ ಸೆಲ್ಲೊಫೇನ್ ಕೊಳವೆಯನ್ನು ಮರದ ಪಟ್ಟಿಗಳ ಉರುಳೆಗೆ ಸುತ್ತಿ, ಅದರೊಳಗೆ ರೋಗಿಯ ರಕ್ತವನ್ನು ಹರಿಸಿ, ಉಪ್ಪುನೀರಿನ ತೊಟ್ಟಿಯಲ್ಲಿ ತಿರುಗಿಸಿ, ರಕ್ತದ ಕಲ್ಮಶವನ್ನು ತೊಳೆಯುವ ಯಂತ್ರವೊಂದನ್ನು ಕಟ್ಟಿದರು. ಯುದ್ಧಕಾಲದಲ್ಲಿ ಸಿಕ್ಕ ಸಾಮಾನುಗಳಿಂದಲೇ ಮಾಡಿದ ಯಂತ್ರ ಅದು. ಮೊದಲ ಎರಡು ವರ್ಷ ಅದರ ಬಳಿಗೆ ಬಂದವರು ಹೆಚ್ಚುಕಡಿಮೆ ಎಲ್ಲರೂ ಸತ್ತರು. ೧೯೪೫ರಲ್ಲಿ, ಯುದ್ಧ ಮುಗಿದ ಮೇಲೆ, ೬೭ ವರ್ಷದ ಮುದುಕಿಯೊಬ್ಬಳು ಪ್ರಜ್ಞೆಯಿಲ್ಲದ ಸ್ಥಿತಿಯಲ್ಲಿ ಬಂದಳು. ಯಂತ್ರದ ನೆರವಿನಿಂದ ಕಣ್ಣು ತೆರೆದು ಮತ್ತೆ ಹಲವು ವರ್ಷ ಬದುಕಿದಳು. ಆಕೆ ಬಂದುದು ಸೆರೆಮನೆಯಿಂದ. ನಾಟ್ಸಿಗಳ ಕಡೆಯವಳೆಂದು ಆಕೆಯನ್ನು ಹಿಡಿದು ಹಾಕಿದ್ದರು, ಊರಿನವರಿಗೆ ಬೇಡವಾದವಳು. ಕೋಲ್ಫರಾದರೋ ಜರ್ಮನರ ವಿರುದ್ಧ ಗುಟ್ಟಾಗಿ ನೆರವಾಗುತ್ತಿದ್ದ ಮನುಷ್ಯ. ಆದರೂ ಕೃತಕ ಮೂತ್ರಪಿಂಡದಿಂದ ಜೀವ ಉಳಿಸಿಕೊಂಡವರಲ್ಲಿ ಮೊದಲ ಹೆಸರು ಆ ಮುದುಕಿಯದೇ. ಒಂದು ಸಮಿತಿ ಕೂತು ಯೋಚಿಸಿದ್ದರೆ ಈ ಗೌರವ ಆಕೆಗೆ ಸಲ್ಲುತ್ತಿತ್ತೆ ಎಂದು ನನಗೆ ಅನುಮಾನ.

ಕೋಲ್ಫರ ಯಂತ್ರದಲ್ಲಿ ಒಂದು ತೊಡಕಿತ್ತು. ಪ್ರತಿ ಸಲವೂ ರಕ್ತನಾಳವನ್ನು ಹೊಸದಾಗಿ ಕೊಯ್ಯಬೇಕು. ನಾಲ್ಕಾರು ಸಲವಾದರೆ ನಾಳಗಳೇ ಮುಗಿದುಹೋಗುತ್ತಿದ್ದುವು. ಆದ್ದರಿಂದ ತಾತ್ಕಾಲಿಕವಾಗಿ ಕೆಟ್ಟ ಮೂತ್ರಪಿಂಡ ತಾನಾಗಿ ಚೇತರಿಸಿಕೊಳ್ಳುವವರೆಗೆ ಮಾತ್ರ ಯಂತ್ರದ ಉಪಯೋಗ. ಶಾಶ್ವತವಾಗಿ ಕೆಟ್ಟವರಿಗೆ ದಾರಿಯಿರಲಿಲ್ಲ. ೧೯೬೦ರಲ್ಲಿ ಅಮೆರಿಕದ ಸಿಯಾಟಲ್ ನಗರದ ಡಾ. ಬೆಲ್ಡಿಂಗ್ ಸ್ಕ್ರಿಬ್ನರ್ ಈ ತೊಡಕನ್ನು ಬಿಡಿಸಿದರು. ಮುಂಗೈಯ ಒಂದು ಶುದ್ಧರಕ್ತನಾಳಕ್ಕೂ ಒಂದು ಅಶುದ್ಧರಕ್ತನಾಳಕ್ಕೂ ಟೆಫ್ಲಾನಿನ ನಳಿಗೆಗಳನ್ನು ಜೋಡಿಸಿ, ಹೊರಗಡೆ ಬಳೆಯಂತೆ ಬಾಗಿಸಿ ಸೇರಿಸಿಬಿಟ್ಟರು. ಬೇಕಾದಾಗ ಬಿಚ್ಚಿ ಯಂತ್ರಕ್ಕೆ ಜೋಡಿಸಬಹುದು. ಬೇಡವಾದಾಗ ಮತ್ತೆ ಸೇರಿಸಬಹುದು. ಆ ಊರಿನ ಬೋಯಿಂಗ್ ವಿಮಾನ ಕಾರ್ಖಾನೆಯ ಕೆಲಸಗಾರ ಕ್ಲೈಡ್ ಶೀಲ್ಡ್ಸ್ ಎಂಬಾತ ಇದನ್ನು ಮೊದಲು ತೊಟ್ಟವನು. ಕೆಲವು ವಾರಗಳಲ್ಲಿ ಸಾಯಬೇಕಾಗಿದ್ದವನು ೧೧ ವರ್ಷ ಬದುಕಿದ.

ಒಬ್ಬನನ್ನು ಉಳಿಸಬಹುದೆಂದು ಗೊತ್ತಾದ ಕೂಡಲೇ ಬಾಗಿಲಲ್ಲಿ ನೂರಾರು ಮಂದಿ ನಿಂತರು. ೧೯೬೨ರಲ್ಲಿ ಪ್ರಾರಂಭವಾದ ಸಿಯಾಟಲಿನ ಚಿಕಿತ್ಸಾಕೇಂದ್ರದಲ್ಲಿ ಬೆರಳಲ್ಲಿ ಎಣಿಸುವಷ್ಟು ಹಾಸಿಗೆಗಳು. ಒಬ್ಬ ರೋಗಿಗೆ ವರ್ಷಕ್ಕೆ ೧೦,೦೦೦ ಡಾಲರಿಗೂ ಮೇಲ್ಪಟ್ಟ ಖರ್ಚು. ಯಾರನ್ನು ಒಳಗೆ ಬಿಡುವುದು? ಈ ಹೊಣೆಯನ್ನು ವೈದ್ಯರೇ ಹೊರಬಾರದೆಂದು ಅಲ್ಲಿನ ವೈದ್ಯಸಂಘ ಏಳು ಮಂದಿಯ ಸಮಿತಿಯೊಂದನ್ನು ನೇಮಿಸಿತು. ಒಬ್ಬ ವಕೀಲ, ಒಬ್ಬ ಪಾದ್ರಿ, ಒಬ್ಬ ಬ್ಯಾಂಕಿನವ, ಒಬ್ಬ ಗೃಹಿಣಿ, ಒಬ್ಬ ಸರ್ಕಾರಿ ಅಧಿಕಾರಿ, ಒಬ್ಬ ಕಾರ್ಮಿಕ ಮುಖಂಡ, ಒಬ್ಬ ಶಸ್ತ್ರವೈದ್ಯ. ಇವರ ಹೆಸರು ಹೊರಗೆ ಯಾರಿಗೂ ತಿಳಿಯದು. ರೋಗಿಗಳ ಹೆಸರು ಇವರಿಗೂ ತಿಳಿಯದು. ಸಂಬಳವಿಲ್ಲದ ಕೆಲಸ. ಮಕ್ಕಳನ್ನೂ ೪೫ ವರ್ಷ ಮೀರಿದವರನ್ನೂ ವೈದ್ಯರು ಮೊದಲೇ ಬೇರೆ ಮಾಡುತ್ತಿದ್ದರು. ಉಳಿದವರಲ್ಲಿ ಆರಿಸುವುದು ಸಮಿತಿಗೆ ಬಿಟ್ಟದ್ದು.

ಸಮಿತಿ ಗೊತ್ತುಮಾಡಿಕೊಂಡ ಮೊದಲ ಕಟ್ಟಳೆಗಳಲ್ಲಿ ಒಂದನ್ನು ನಮ್ಮ ವಾಚಕರು ಗಮನಿಸಬೇಕು: ರೋಗಿ ವಾಷಿಂಗ್ಟನ್ ಸಂಸ್ಥಾನದ ನಿವಾಸಿಯಾಗಿರತಕ್ಕದ್ದು. ಈ ಸಂಸ್ಥಾನದ ಜನರ ತೆರಿಗೆಯಿಂದ ಬೆಳೆದ ವಿದ್ಯೆಯ ಫಲ ಈ ಸಂಸ್ಥಾನದವರಿಗೇ ಸಲ್ಲಲಿ ಎಂಬುದು ಅವರ ವಾದ. ಕೇಳುವುದಕ್ಕೆ ತಪ್ಪೇನೂ ಕಾಣುವುದಿಲ್ಲ. ಆಮೇಲಿನ ಪ್ರಶ್ನೆಗಳು ಹೀಗೆ ಬಂದುವು: ಮದುವೆಯಾಗಿದೆಯೆ, ಮಕ್ಕಳೆಷ್ಟು, ವಿದ್ಯೆ ಏನು, ಉದ್ಯೋಗವೇನು, ಆಸ್ತಿ ಎಷ್ಟು, ಮನಸ್ಸಿನ ಸ್ಥಿಮಿತ ಹೇಗೆ, ಇಗರ್ಜಿಗೆ ಹೋಗುವ ಅಭ್ಯಾಸವುಂಟೆ, ಊರಿನ ಕೆಲಸದಲ್ಲಿ ಕೈಯಿಟ್ಟಿದ್ದಾನೆಯೆ. ಈತ ಸತ್ತರೆ ಹೆಂಡತಿಗೆ ಮರುಮದುವೆಯಾಗುವ ಸಂಭವ ಎಷ್ಟು ಎಂಬಲ್ಲಿಯವರೆಗೂ ಚರ್ಚೆ ಹೋಯಿತು. ಮಕ್ಕಳು ಕಡಿಮೆಯಿರುವ ವಿಧವೆಗೆ ಗಂಡು ಸಿಕ್ಕಾನು, ಹೆಚ್ಚಿರುವವಳಿಗೆ ಸಿಗಲಾರ. ಆದಕಾರಣ ಹೆಚ್ಚು ಮಕ್ಕಳ ತಂದೆ ಬದುಕಲಿ! ದುಷ್ಟರು ಆಡಿದ ಮಾತಲ್ಲ ಇದು. ನಿದ್ದೆಗೆಟ್ಟು ಯೋಚಿಸಿದ ಸಜ್ಜನರ ಮಾತು.

ಇದೆಲ್ಲ ಲೋಕಕ್ಕೆ ತಿಳಿದುದು ೧೯೬೨ರ ನವೆಂಬರ್ ೯ರ ‘ಲೈಫ್’ ಪತ್ರಿಕೆಯಲ್ಲಿ ಶಾನಾ ಅಲೆಗ್ಸಾಂಡರ್ ಎಂಬಾಕೆ ಬರೆದ ದೀರ್ಘ ಲೇಖನದಿಂದ. ಜನ ಆ ಸಮಿತಿಗೆ ‘ದೇವರ ಸಮಿತಿ’ ಎಂದು ಹೆಸರಿಟ್ಟರು; ಹೊಗಳಿಕೆಯಿಂದ ಅಲ್ಲ. ೧೯೬೮ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಡ್ ಸ್ಯಾಂಡರ್ಸ್ ಎಂಬ ಮನೋವೈದ್ಯರೂ ಜೆಸ್ಸಿ ಡ್ಯೂಕ್‌ಮಿನಿಯರ್ ಎಂಬ ನ್ಯಾಯಶಾಸ್ತ್ರದ ಪ್ರಾಧ್ಯಾಪಕರೂ ಸೇರಿ ಈ ಪದ್ಧತಿಯನ್ನು ಕಟುವಾಗಿ ಖಂಡಿಸಿದರು. ಮಧ್ಯಮವರ್ಗದವರು ಕೂತು ತಮ್ಮಂಥ ಮಧ್ಯಮವರ್ಗದವರನ್ನೇ ಉಳಿಸಿಕೊಳ್ಳುತ್ತಿದ್ದಾರೆ, ಥೋರೋನಂಥವನಿಗೆ ಮೂತ್ರಪಿಂಡ ಕೆಟ್ಟರೆ ಆ ಊರಿನಲ್ಲಿ ಜಾಗವಿಲ್ಲ ಎಂಬುದು ಅವರ ಆಕ್ಷೇಪದ ಸಾರ. ಕೆರೆಯ ದಂಡೆಯ ಗುಡಿಸಿಲಿನಲ್ಲಿ ಒಂಟಿಯಾಗಿದ್ದು, ತೆರಿಗೆ ಕೊಡಲೊಲ್ಲದೆ ಜೈಲಿಗೆ ಹೋದ ಈ ಥೋರೋ ನಮ್ಮವರಿಗೆ ಅಪರಿಚಿತನಲ್ಲ. ಗಾಂಧೀಜಿಯವರು ಮೆಚ್ಚಿ ಓದಿದ ಲೇಖಕ. ಮದುವೆಯಿಲ್ಲ, ಮಕ್ಕಳಿಲ್ಲ, ಇಗರ್ಜಿಯಿಲ್ಲ, ಆಸ್ತಿಯಿಲ್ಲ. ಆ ಸಮಿತಿಯ ಮುಂದೆ ಅವನಿಗೆ ಎಷ್ಟು ಅಂಕ ಬರುತ್ತಿತ್ತೆಂದು ಹೇಳಬೇಕಾದುದೇ ಇಲ್ಲ.

ಇಲ್ಲಿ ನನ್ನ ಒಂದು ತಪ್ಪನ್ನು ಒಪ್ಪಿಕೊಳ್ಳುವುದು ಒಳ್ಳೆಯದು. ಈ ನಗರಕ್ಕೆ ಬರುವ ಮೊದಲು ಇನ್ನೊಂದು ಊರಿನ ಕನ್ನಡ ಸಂಘದಲ್ಲಿ ವಿದ್ಯಾರ್ಥಿವೇತನದ ಸಮಿತಿಯಲ್ಲಿ ಕುಳಿತಿದ್ದೆ. ನಾವು ಐವರು. ಒಂದು ವರ್ಷ ಕೊನೆಗೆ ಉಳಿದ ಅರ್ಜಿಗಳು ಎರಡು, ಹಣವಿದ್ದುದು ಒಬ್ಬರಿಗೆ. ಒಬ್ಬ ಹುಡುಗ ಸದಸ್ಯರೊಬ್ಬರ ಮಗ. ಪ್ರತಿ ನವೆಂಬರಿನಲ್ಲೂ ನಾಡಗೀತೆ ಹಾಡುತ್ತಿದ್ದವನು. ಇನ್ನೊಬ್ಬಳು ಹೋಟೆಲಿನಲ್ಲಿ ಅಡಿಗೆ ಮಾಡುವವರ ಮಗಳು. ಸಂಘದ ಕಡೆ ಸುಳಿದವಳೇ ಅಲ್ಲ. ಸುಳಿಯುವುದಕ್ಕೆ ಅವಳ ತಂದೆಗೆ ಭಾನುವಾರ ರಜವೂ ಇರಲಿಲ್ಲ ಎಂಬುದು ನಮಗೆ ಹೊಳೆಯಲಿಲ್ಲ. ಅಂಕಗಳಲ್ಲಿ ಹೆಚ್ಚು ಅಂತರವಿಲ್ಲ. ‘ಒಳ್ಳೆಯ ಮನೆತನದ ಹುಡುಗ, ನಮಗೆ ಗೊತ್ತಿರುವವನು’ ಎಂದು ಯಾರೋ ಅಂದರು, ಉಳಿದವರು ತಲೆದೂಗಿದೆವು. ಐದು ನಿಮಿಷದ ಕೆಲಸ. ಮೋಸ ಮಾಡಿದೆವೆಂದು ನಮ್ಮಲ್ಲಿ ಒಬ್ಬರಿಗೂ ಅನ್ನಿಸಲಿಲ್ಲ. ಸಿಯಾಟಲಿನ ಆ ಏಳು ಮಂದಿಯ ವೃತ್ತಾಂತವನ್ನು ಓದಿದ ಮೇಲೆ ಆ ಐದು ನಿಮಿಷ ನನಗೆ ಮತ್ತೆ ಮತ್ತೆ ನೆನಪಾಗುತ್ತದೆ.

ಇರಲಿ. ಅಮೆರಿಕದಲ್ಲಿ ಆ ಸಮಿತಿಯ ಅಗತ್ಯ ತಪ್ಪಿದುದು ನ್ಯಾಯಪ್ರಜ್ಞೆಯಿಂದಲ್ಲ, ಹಣದಿಂದ. ೧೯೭೧ರ ನವೆಂಬರಿನಲ್ಲಿ ರೋಗಿಯೊಬ್ಬ ಶಾಸಕರ ಸಮಿತಿಯ ಎದುರಿಗೇ ಯಂತ್ರ ಜೋಡಿಸಿಕೊಂಡು ರಕ್ತ ತೊಳೆಸಿಕೊಂಡ. ಮರುವರ್ಷವೇ, ೧೯೭೨ರ ಅಕ್ಟೋಬರಿನಲ್ಲಿ, ಮೂತ್ರಪಿಂಡ ಕೆಟ್ಟ ಬಹುಮಟ್ಟಿಗೆ ಎಲ್ಲರ ಚಿಕಿತ್ಸೆಯ ಖರ್ಚನ್ನು ಸರ್ಕಾರ ಹೊರುವ ಕಾನೂನಾಯಿತು. ಯಂತ್ರಗಳು ಬೇಕಾದಷ್ಟಾದುವು; ಆರಿಸುವ ಕೆಲಸ ಉಳಿಯಲಿಲ್ಲ.

ಯಂತ್ರವನ್ನು ಕಾರ್ಖಾನೆಯಲ್ಲಿ ಮಾಡಬಹುದು. ಮನುಷ್ಯನ ಅಂಗವನ್ನು ಹಾಗೆ ಮಾಡುವಂತಿಲ್ಲ. ೧೯೫೪ರ ಡಿಸೆಂಬರಿನಲ್ಲಿ ಬಾಸ್ಟನ್ನಿನ ಡಾ. ಜೋಸೆಫ್ ಮರ್ರೆ ಅವಳಿ ಸೋದರರಲ್ಲಿ ಒಬ್ಬನ ಮೂತ್ರಪಿಂಡವನ್ನು ಇನ್ನೊಬ್ಬನಿಗೆ ಕಸಿ ಮಾಡಿ ಯಶಸ್ವಿಯಾದಾಗ ಸರದಿಯ ಪ್ರಶ್ನೆ ಹುಟ್ಟಲಿಲ್ಲ. ಕೊಟ್ಟವನು ತನ್ನ ಸೋದರನಿಗೇ ಕೊಟ್ಟ. ಸತ್ತವರಿಂದ ಅಂಗ ತೆಗೆಯುವುದು ಸಾಧ್ಯವಾದ ಮೇಲೆ, ದಾನ ಯಾರೊಬ್ಬರ ಹೆಸರಿಗೂ ಬರುವುದಿಲ್ಲವಾದ್ದರಿಂದ, ‘ಯಾರಿಗೆ?’ ಎಂಬ ಪ್ರಶ್ನೆ ಮತ್ತೆ ಎದ್ದಿತು. ಅಮೆರಿಕದವರು ೧೯೮೪ರಲ್ಲಿ ಕಾನೂನು ಮಾಡಿ ಅಂಗಗಳ ಮಾರಾಟವನ್ನು ನಿಷೇಧಿಸಿ, ದೇಶಕ್ಕೆಲ್ಲ ಒಂದು ಜಾಲವನ್ನು ಕಟ್ಟಲು ಹೊರಟರು. ಹಳೆಯ ಸಮಿತಿಯ ಪಾಠ ಅವರಿಗೆ ನೆನಪಿತ್ತು. ಮುಖ ನೋಡದೆ ಲೆಕ್ಕ ನೋಡಬೇಕೆಂದುಕೊಂಡರು. ಯಕೃತ್ತಿನ ವಿಷಯದಲ್ಲಿ ೨೦೦೨ರಿಂದ ಮೂರೇ ಮೂರು ರಕ್ತಪರೀಕ್ಷೆಗಳ ಅಂಕಿಗಳಿಂದ ಒಂದು ಅಂಕ ಕಟ್ಟಿದರು: ಕಾಮಾಲೆಯ ಪಿತ್ತವರ್ಣ ಎಷ್ಟು, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು, ಕ್ರಿಯಾಟಿನಿನ್ ಎಷ್ಟು. ಅಂಕ ಹೆಚ್ಚಿದ್ದವನು ಸಾವಿಗೆ ಹತ್ತಿರದವನು, ಅವನಿಗೆ ಮೊದಲು. ಇಗರ್ಜಿಯನ್ನೂ ಮಕ್ಕಳನ್ನೂ ಯಾರೂ ಕೇಳುವಂತಿಲ್ಲ.

ಲೆಕ್ಕಕ್ಕೆ ಮುಖದಾಕ್ಷಿಣ್ಯವಿಲ್ಲ ನಿಜ. ಆದರೆ ಲೆಕ್ಕ ಕಟ್ಟಿದವರಿಗೆ ಕಾಣದ ಮುಖಗಳಿರುತ್ತವೆ. ಕ್ರಿಯಾಟಿನಿನ್ ಎಂಬುದು ಮಾಂಸಖಂಡಗಳಿಂದ ಹುಟ್ಟುವ ವಸ್ತು. ಹೆಂಗಸರಲ್ಲಿ ಮಾಂಸಖಂಡ ಕಡಿಮೆಯಾದ್ದರಿಂದ, ಅಷ್ಟೇ ಕಾಯಿಲೆಯಿದ್ದರೂ ಅವರ ಅಂಕ ಗಂಡಸರಿಗಿಂತ ಕೆಳಗೆ ಬೀಳುತ್ತಿತ್ತು; ಸರದಿ ಹಿಂದೆ ಹೋಗುತ್ತಿತ್ತು. ಇದನ್ನು ಒಪ್ಪಿಕೊಂಡು ಹೆಂಗಸರಿಗೆ ಸುಮಾರು ೧.೩ ಅಂಕ ಕೂಡಿಸುವ ಹೊಸ ಲೆಕ್ಕ ಜಾರಿಗೆ ಬಂದುದು ೨೦೨೩ರಲ್ಲಿ. ಮೂತ್ರಪಿಂಡದ ಕಥೆಯೂ ಹೀಗೆಯೇ. ಕರಿಯರ ಮೂತ್ರಪಿಂಡ ಇರುವುದಕ್ಕಿಂತ ಚೆನ್ನಾಗಿದೆಯೆಂದು ತೋರಿಸುವ ಒಂದು ಸೂತ್ರ ಬಹುಕಾಲ ಬಳಕೆಯಲ್ಲಿತ್ತು. ಅದರಿಂದ ಅವರ ಹೆಸರು ಪಟ್ಟಿಗೆ ತಡವಾಗಿ ಏರುತ್ತಿತ್ತು. ೨೦೨೩ರಿಂದ ಆಸ್ಪತ್ರೆಗಳು ಹಳೆಯ ಕಡತಗಳನ್ನು ತೆಗೆದು, ಕಳೆದುಹೋದ ಕಾಲವನ್ನು ಅವರ ಲೆಕ್ಕಕ್ಕೆ ಜಮಾ ಮಾಡಬೇಕಾಯಿತು. ಸಾವಿರಾರು ಮಂದಿಯ ಸರದಿ ಮುಂದೆ ಬಂದಿತು. ಬರುವ ಮೊದಲೇ ತೀರಿಕೊಂಡವರಿಗೆ ಜಮಾ ಮಾಡುವ ಬಗೆಯಿಲ್ಲ.

ಇನ್ನು ನಮ್ಮ ದೇಶ. ೧೯೬೮ರ ಫೆಬ್ರವರಿಯಲ್ಲಿ, ಕೇಪ್‌ಟೌನಿನಲ್ಲಿ ಪ್ರಪಂಚದ ಮೊದಲ ಹೃದಯದ ಕಸಿ ನಡೆದ ಎರಡು ತಿಂಗಳಿಗೇ, ಮುಂಬಯಿಯ ಕೆ. ಇ. ಎಂ. ಆಸ್ಪತ್ರೆಯಲ್ಲಿ ಡಾ. ಪಿ. ಕೆ. ಸೇನ್ ಅದನ್ನು ಪ್ರಯತ್ನಿಸಿದರು. ರೋಗಿ ಕೆಲವೇ ಗಂಟೆ ಬದುಕಿದ. ಮೂತ್ರಪಿಂಡದ ಕಸಿ ೧೯೭೧ರಲ್ಲಿ ವೆಲ್ಲೂರಿನಲ್ಲಿ ಯಶಸ್ವಿಯಾಯಿತು. ಮುಂದಿನ ಅಧ್ಯಾಯ ನಾಚಿಕೆಯದು. ೧೯೮೦ರ ದಶಕದಲ್ಲಿ ಮುಂಬಯಿ, ಮದ್ರಾಸು, ನಮ್ಮ ಬೆಂಗಳೂರು ಈ ಮೂರೂ ಊರುಗಳು ಮೂತ್ರಪಿಂಡದ ಪೇಟೆಗಳೆಂದು ಹೊರದೇಶಗಳಲ್ಲಿ ಹೆಸರಾದುವು. ಸಾಲಗಾರ ಮಾರುವವನು, ಹಣವಂತ ಕೊಳ್ಳುವವನು. ಅಲ್ಲಿ ಸರದಿ ಎಂಬ ಮಾತೇ ಇಲ್ಲ, ಇರುವುದು ಬೆಲೆ. ೧೯೯೪ರ ಕೇಂದ್ರ ಕಾನೂನು ಈ ವ್ಯಾಪಾರವನ್ನು ಅಪರಾಧವೆಂದು ಸಾರಿತು. ಮಿದುಳು ಸತ್ತುದನ್ನೇ ಸಾವೆಂದು ಒಪ್ಪಿತು. ಅದೇ ವರ್ಷ ಆಗಸ್ಟ್ ೩ರಂದು ದಿಲ್ಲಿಯಲ್ಲಿ ಡಾ. ವೇಣುಗೋಪಾಲ್ ಹೃದಯದ ಕಸಿಯಲ್ಲಿ ಯಶಸ್ವಿಯಾದರು.

ಕಾನೂನಾದರೂ ಆರೋಗ್ಯ ರಾಜ್ಯಗಳ ವಿಷಯ. ಹೀಗಾಗಿ ಪಟ್ಟಿ ರಾಜ್ಯಕ್ಕೊಂದು, ಕೆಲವೆಡೆ ವಲಯಕ್ಕೊಂದು. ಮುಂಬಯಿಯ ಸಮನ್ವಯ ಕೇಂದ್ರ ೨೦೦೦ದಲ್ಲಿ, ಕರ್ನಾಟಕದ್ದು ೨೦೦೭ರಲ್ಲಿ ಪ್ರಾರಂಭವಾದುವು. ಕರ್ನಾಟಕದ್ದು ಮುಂದೆ ‘ಜೀವಸಾರ್ಥಕತೆ’ ಎಂಬ ಸುಂದರವಾದ ಹೆಸರನ್ನು ಪಡೆಯಿತು. ೨೦೨೩ರಲ್ಲಿ ಇಡೀ ದೇಶದಲ್ಲಿ ಸತ್ತ ಮೇಲೆ ಅಂಗದಾನ ಮಾಡಿದವರು ೧,೦೯೯ ಮಂದಿ. ಅವರಲ್ಲಿ ಕರ್ನಾಟಕದವರು ೧೭೮. ನೂರ ನಲವತ್ತು ಕೋಟಿ ಜನರ ದೇಶದಲ್ಲಿ ಇಷ್ಟೆ. ಕೊರತೆ ಇಷ್ಟಿರುವಾಗ ಪಟ್ಟಿಯ ಒಂದೊಂದು ಸಾಲಿಗೂ ಜೀವದ ಬೆಲೆ.

ಪಟ್ಟಿಯೊಳಗೆ ಹೊಕ್ಕ ಮೇಲೆ ರಕ್ತದ ಗುಂಪು, ಕಾದ ಕಾಲ, ಕಾಯಿಲೆಯ ತೀವ್ರತೆ ಇವೇ ಮುಖ್ಯ. ಮೂತ್ರಪಿಂಡಕ್ಕಾದರೆ ಡಯಾಲಿಸಿಸ್ ಪ್ರಾರಂಭವಾಗಿ ಎಷ್ಟು ವರ್ಷವಾಯಿತೆಂಬುದಕ್ಕೆ ಹೆಚ್ಚು ತೂಕ. ನ್ಯಾಯವಾದದ್ದೇ. ನನ್ನ ತಕರಾರು ಪಟ್ಟಿಯ ಬಾಗಿಲನ್ನು ಕುರಿತದ್ದು. ಕಸಿ ಮಾಡುವ ಆಸ್ಪತ್ರೆಗಳು ಬಹುಪಾಲು ಖಾಸಗಿಯವು. ಹೆಸರು ಬರೆಸುವುದು ಆಸ್ಪತ್ರೆಯ ಮೂಲಕ. ಖರ್ಚಿಗೆ ಅಂಜಿ ಆಸ್ಪತ್ರೆಯ ಮೆಟ್ಟಲು ಹತ್ತದವನು ಯಾವ ಪಟ್ಟಿಯಲ್ಲೂ ಇಲ್ಲ. ಅವನು ಕಾಯುತ್ತಿದ್ದನೆಂಬುದೂ ಯಾರಿಗೂ ತಿಳಿಯುವುದಿಲ್ಲ.

ಇನ್ನೊಂದು ಬಾಗಿಲು ವಿಳಾಸದ್ದು. ಅಮೆರಿಕದಲ್ಲಿ ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ವಾಸವಾಗಿದ್ದುದು ಕ್ಯಾಲಿಫೋರ್ನಿಯಾದಲ್ಲಿ. ೨೦೦೯ರಲ್ಲಿ ಅವರಿಗೆ ಯಕೃತ್ತು ದೊರೆತುದು ದೂರದ ಮೆಂಫಿಸ್ ನಗರದಲ್ಲಿ. ಆ ಪಟ್ಟಿಯಲ್ಲಿ ಅವರ ರಕ್ತದ ಗುಂಪಿನವರಲ್ಲಿ ಅತ್ಯಂತ ಕಾಯಿಲೆಯಿದ್ದವರು ಅವರೇ ಎಂದು ಆಸ್ಪತ್ರೆ ಹೇಳಿತು. ಕಾನೂನು ಎಲ್ಲಿಯೂ ತಪ್ಪಿರಲಿಲ್ಲ. ಬೇಡಿಕೆ ಕಡಿಮೆಯಿರುವ ಊರಿನಲ್ಲಿ ಹೆಸರು ಬರೆಸಿ, ಕರೆದ ಕೂಡಲೇ ಹಾರಿಹೋಗಬಲ್ಲವನಿಗೆ ವಿಳಾಸ ಅಡ್ಡಬರುವುದಿಲ್ಲ. ಅಡ್ಡಬರುವುದು ಬಾಡಿಗೆಯ ಖೋಲಿಯಲ್ಲಿರುವವನಿಗೆ. ಹದಿನೈದು ವರ್ಷದ ವಾಸಕ್ಕೆ ರುಜುವಾತು ಹುಡುಕುತ್ತ, ಮಕ್ಕಳ ಕಾಲೇಜಿಗಾಗಿ ಡೊಮಿಸೈಲ್ ಸರ್ಟಿಫಿಕೇಟಿನ ಕಚೇರಿಗೆ ಅಲೆದ ನೆನಪು ಮುಂಬಯಿ ಪುಣೆಗಳ ನಮ್ಮ ಯಾವ ಮನೆಯಲ್ಲಿ ಇಲ್ಲ? ಊರಿಗೆ ಹೋದರೆ ‘ಮುಂಬಯಿಯವರು’. ಇಲ್ಲಿದ್ದರೆ ‘ಆ ಕಡೆಯವರು’.

ಇದೇ ಸರ್ಟಿಫಿಕೇಟನ್ನು ಅಂಗದ ಪಟ್ಟಿಗೂ ಕೆಲವು ರಾಜ್ಯಗಳಲ್ಲಿ ಕೇಳುತ್ತಿದ್ದರು. ನಮ್ಮ ರಾಜ್ಯದಲ್ಲಿ ಸತ್ತವರ ಅಂಗ ನಮ್ಮ ರಾಜ್ಯದವರಿಗೇ ಎಂಬ ವಾದ. ಸಿಯಾಟಲಿನ ಮೊದಲ ಕಟ್ಟಳೆ ಅರವತ್ತು ವರ್ಷದ ಮೇಲೆ ನಮ್ಮಲ್ಲಿ ಕಾಣಿಸಿಕೊಂಡ ಹಾಗೆ. ಸತ್ತವರೂ ಪರವೂರಿನಿಂದ ಬಂದು ನೆಲೆಸಿದವರೇ ಆಗಿದ್ದರೆ? ಅವರ ಅಂಗ ಪಡೆಯುವಾಗ ಯಾರೂ ಡೊಮಿಸೈಲ್ ಕೇಳುವುದಿಲ್ಲ. ೨೦೨೨ರ ನವೆಂಬರಿನಲ್ಲಿ ಗುಜರಾತಿನ ಹೈಕೋರ್ಟು ಅಲ್ಲಿನ ಇಂಥ ನಿಬಂಧನೆಯನ್ನು ತಳ್ಳಿಹಾಕಿತು. ೨೦೨೩ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಎಲ್ಲ ರಾಜ್ಯಗಳಿಗೂ ತಿಳಿಸಿತು: ವಾಸಸ್ಥಳದ ನಿಬಂಧನೆ ಬೇಡ, ರೋಗಿ ಯಾವ ರಾಜ್ಯದಲ್ಲಾದರೂ ಹೆಸರು ಬರೆಸಬಹುದು, ಬರೆಸುವುದಕ್ಕೆ ಶುಲ್ಕ ಕೂಡದು, ೬೫ ವರ್ಷ ಮೀರಿದವರನ್ನು ಹೊರಗಿಡತಕ್ಕದ್ದಲ್ಲ. ನಮ್ಮವರಲ್ಲಿ ಬಹಳ ಮಂದಿಗೆ ಈ ಸಂಗತಿ ತಿಳಿಯದು. ಪರವೂರಿನವರಿಗೆ ಸರದಿಯಿಲ್ಲವೆಂದು ಯಾರಾದರೂ ಬಾಯಿಮಾತಿನಲ್ಲಿ ಹೇಳಿದರೆ ನಂಬಿ ಹಿಂದಿರುಗಬೇಡಿರಿ. ಯಾವ ನಿಯಮ ಎಂದು ಕೇಳಿರಿ.

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ನಮ್ಮ ದೇಶದಲ್ಲಿ ಬಹುಪಾಲು ಕಸಿಗಳು ಬದುಕಿರುವವರು ಕೊಟ್ಟ ಅಂಗಗಳಿಂದ ನಡೆಯುವಂಥವು. ಅಲ್ಲಿ ಪಟ್ಟಿಯೂ ಇಲ್ಲ, ಅಂಕಗಳೂ ಇಲ್ಲ, ನಿರ್ಧಾರವೆಲ್ಲ ಮನೆಯೊಳಗೆ. ೧೯೯೫ರಿಂದ ೨೦೨೧ರವರೆಗೆ ನಮ್ಮಲ್ಲಿ ಅಂಗ ಪಡೆದವರು ೩೬,೬೪೦ ಮಂದಿಯೆಂದು ಸರ್ಕಾರದ ಲೆಕ್ಕ. ಗಂಡಸರು ೨೯,೬೯೫, ಹೆಂಗಸರು ೬,೯೪೫. ಬದುಕಿರುವಾಗ ಕೊಡುವವರಲ್ಲಾದರೋ ಹೆಚ್ಚಿನವರು ತಾಯಂದಿರು, ಹೆಂಡಂದಿರು, ಅಕ್ಕತಂಗಿಯರು. ಮೂತ್ರಪಿಂಡದ ಕಾಯಿಲೆ ಗಂಡಸು ಹೆಂಗಸು ಎಂದು ನೋಡಿ ಹೀಗೆ ನಾಲ್ಕಕ್ಕೊಂದರಂತೆ ಹಂಚಿಕೊಂಡು ಬರುವುದಿಲ್ಲ. ೨೦೨೫ರ ಆಗಸ್ಟಿನಲ್ಲಿ, ಪಟ್ಟಿಯಲ್ಲಿರುವ ಹೆಂಗಸರಿಗೆ ಆದ್ಯತೆ ಕೊಡಬೇಕೆಂದು ಕೇಂದ್ರದ ಅಂಗಾಂಗ ಸಂಸ್ಥೆ ರಾಜ್ಯಗಳಿಗೆ ಸಲಹೆ ಮಾಡಿತು. ಮನೆಯೊಳಗಿನ ಸಮಿತಿಗೆ ಸಲಹೆ ಮಾಡುವವರು ಯಾರು? ಅದಕ್ಕೆ ಅಧ್ಯಕ್ಷರಿಲ್ಲ, ನಡವಳಿಕೆಯ ಪುಸ್ತಕವಿಲ್ಲ. ಯಾರೂ ಬಲವಂತ ಮಾಡುವುದಿಲ್ಲ. ದುಡಿಯುವವನು ಬದುಕಬೇಕೆಂದು ಎಲ್ಲರೂ ಸುಮ್ಮನೆ ಒಪ್ಪಿರುತ್ತಾರೆ, ಒಪ್ಪಬೇಕಾದವಳೂ ಸೇರಿ.

ನಮಗೆ ಪರಿಚಯದವರು ಒಬ್ಬರಿದ್ದಾರೆ, ಗದಗಿನ ಕಡೆಯ ತಾಯಿ. ಕೆಲವು ವರ್ಷಗಳ ಹಿಂದೆ ಮಗನಿಗೆ ಒಂದು ಮೂತ್ರಪಿಂಡ ಕೊಟ್ಟರು. ಮಗ ಈಗ ಚೆನ್ನಾಗಿದ್ದಾನೆ, ಕೆಲಸಕ್ಕೆ ಹೋಗುತ್ತಾನೆ. ಕಳೆದ ದೀಪಾವಳಿಗೆ ಅವರ ಮನೆಗೆ ಹೋಗಿದ್ದಾಗ ನನ್ನ ಹೆಂಡತಿ ಮಾತಿಗೆ ಮಾತು ಬಂದು, “ನಿಮಗೇ ಆ ಕಾಯಿಲೆ ಬಂದಿದ್ದರೆ ಯಾರು ಕೊಡುತ್ತಿದ್ದರು?” ಎಂದು ಕೇಳಿಬಿಟ್ಟಳು. ಆಕೆ ಕರಿಗಡುಬಿನ ತಟ್ಟೆಯನ್ನು ನಮ್ಮ ಮುಂದೆ ಸರಿಸುತ್ತ, “ನನಗ್ಯಾಕ್ರೀ ಅದೆಲ್ಲಾ? ವಾರಕ್ಕ ಎರಡು ಸರ್ತಿ ಡಯಾಲಿಸಿಸ್ ಮಾಡಿಸ್ಕೊಂತ ಇದ್ದಷ್ಟು ದಿನ ಇರ್ತಿದ್ದೆ” ಎಂದು ನಕ್ಕರು. ಮಗ ಅಲ್ಲಿಯೇ ಕುಳಿತಿದ್ದ. ಅವನು ನಗಲಿಲ್ಲ.